ತಲೆಬರಹದ ಪ್ರಶ್ನೆ ಬೇರೆ, ನಿಮ್ಮ ಬಾವಿಯ ಪ್ರಶ್ನೆ ಬೇರೆ

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಅಂಗಳದ ಪಕ್ಕದ ತೆರೆದ ಬಾವಿ ನೀರನ್ನೇ ಮೂರು ತಲೆಮಾರಿನಿಂದ ಕುಡಿಯುತ್ತಿದ್ದೇವೆ. ಬೆಂಗಳೂರಿನಲ್ಲಿರುವ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲೇಖನ ಕಳಿಸಿದ. ತಲೆಬರಹ: ‘ಮಲೆನಾಡಿನ ಬಾವಿ ನೀರು ನಿಜಕ್ಕೂ ಸುರಕ್ಷಿತವೇ? ಟಿಡಿಎಸ್ ಬಗ್ಗೆ ತಜ್ಞರು ಬಿಚ್ಚಿಟ್ಟ 7 ಸತ್ಯಗಳು’. ಓದಿದರೆ ಎಲ್ಲ ವಿಜ್ಞಾನದ ವಿಷಯವೇ ಇತ್ತು. ಕೊನೆಯಲ್ಲಿ ‘ಉಚಿತ ನೀರು ಪರೀಕ್ಷೆ’ ಎಂದಿತ್ತು, ಫೋನ್ ನಂಬರ್ ಹಾಕಿದೆವು. ಎರಡು ದಿನ ಬಿಟ್ಟು ಹುಡುಗನೊಬ್ಬ ಬಂದು ಮೀಟರ್ ಅದ್ದಿ ‘58’ ಎಂದ. ಆಮೇಲೆ ಎರಡು ಲೋಟಕ್ಕೆ ಕರೆಂಟ್ ಕೊಟ್ಟು ತೋರಿಸಿದ. ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿತು, ಅವನು ತಂದಿದ್ದ ನೀರು ಹಾಗೇ ಉಳಿಯಿತು. ಆರ್‌ಒ ಯಂತ್ರಕ್ಕೆ 18,500 ರೂಪಾಯಿ ಹೇಳಿದ್ದಾನೆ. ಆ ಲೇಖನ ಮಾಹಿತಿಯೋ ಜಾಹೀರಾತೋ? ಗುರುತು ಹಿಡಿಯುವುದು ಹೇಗೆ? ನಮಗೆ ಯಂತ್ರ ಬೇಕೇ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 58 ಇರುವ ನೀರಿಗೆ ಆರ್‌ಒ (ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ) ಬೇಡ. ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ಹಾಗಂತ ನಿಮ್ಮ ಬಾವಿ ನೀರಿಗೆ ಏನೂ ಮಾಡುವುದೇ ಬೇಡ ಎಂದು ಹೇಳುತ್ತಿಲ್ಲ. ಮಾಡಬೇಕಾದದ್ದು ಇದೆ, ಆದರೆ ಅದು ಆ ಲೇಖನದಲ್ಲಿ ಇರಲಿಕ್ಕಿಲ್ಲ. ಅದಕ್ಕೆ ಆಮೇಲೆ ಬರೋಣ.

ಲೇಖನ ಜಾಹೀರಾತೇ. ಆದರೆ ನೀವು ಮೋಸಹೋದದ್ದು ಸುಳ್ಳಿನಿಂದ ಅಲ್ಲ. ಇಂಥ ಬರಹಗಳಲ್ಲಿ ಸುಳ್ಳು ವಾಕ್ಯ ಹುಡುಕಿದರೆ ಸಿಗುವುದು ಕಷ್ಟ, ಕಂಪನಿಯ ವಕೀಲರು ನೋಡಿಯೇ ಬಿಡುತ್ತಾರೆ. ಒಳಗಿನ ಒಂದೊಂದು ವಾಕ್ಯವೂ ಬಿಡಿಯಾಗಿ ನಿಜ. ದಾರಿ ತಪ್ಪಿಸುವುದು ತಲೆಬರಹ. ಅದು ಒಂದು ಭಯವನ್ನೂ ಆ ಭಯಕ್ಕೆ ಸಂಬಂಧವೇ ಇಲ್ಲದ ಒಂದು ಅಳತೆಯನ್ನೂ ಅಕ್ಕಪಕ್ಕ ಕೂರಿಸುತ್ತದೆ. ಗಂಟು ಹಾಕುವ ಕೆಲಸ ಓದುವವನದು.

ನಿಮ್ಮ ತಲೆಬರಹವನ್ನೇ ಬಿಚ್ಚಿ ನೋಡಿ. ‘ಸುರಕ್ಷಿತವೇ?’ ಎಂಬುದು ಪ್ರಶ್ನೆ. ಪ್ರಶ್ನೆ ಸುಳ್ಳಾಗಲು ಸಾಧ್ಯವಿಲ್ಲ, ಹಾಗಾಗಿ ಅದನ್ನು ಯಾರೂ ಸಾಬೀತು ಮಾಡಬೇಕಾಗಿಲ್ಲ. ‘ಮಲೆನಾಡಿನ ಬಾವಿ ನೀರು ಅಸುರಕ್ಷಿತ’ ಎಂದು ಬರೆದಿದ್ದರೆ ಎಲ್ಲಿಯ ಬಾವಿ, ಯಾವ ಪರೀಕ್ಷೆ, ಎಷ್ಟು ಅಂಕಿ ಎಂದು ಕೇಳಬಹುದಿತ್ತು. ‘ನಿಜಕ್ಕೂ’ ಎಂಬ ಪದ ನೀವು ಇಷ್ಟು ದಿನ ನಂಬಿದ್ದು ತಪ್ಪಿರಬಹುದು ಎಂದು ಪಿಸುಗುಡುತ್ತದೆ. ‘ತಜ್ಞರು’ ಬಹುವಚನದಲ್ಲಿದ್ದಾರೆ, ಹೆಸರಿಲ್ಲ. ‘ಬಿಚ್ಚಿಟ್ಟ’ ಎಂದರೆ ಯಾರೋ ಮುಚ್ಚಿಟ್ಟಿದ್ದರು ಎಂದಾಯಿತು. ಟಿಡಿಎಸ್ ಅಂಗಡಿಯಲ್ಲಿ ಸಿಗುವ ಯಂತ್ರದ ಡಬ್ಬದ ಮೇಲೂ ಅಚ್ಚಾಗುವ ಅಂಕಿ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಇನ್ನು ‘ಮಲೆನಾಡಿನ’. ಇದು ಬಹುಪಾಲು ಖಾಲಿ ಬಿಟ್ಟ ಜಾಗಕ್ಕೆ ತುಂಬಿದ ಪದ. ಪರೀಕ್ಷಿಸುವುದು ಸುಲಭ: ಲೇಖನದಿಂದ ಊರಿನ ಹೆಸರಿಲ್ಲದ ಒಂದು ಉದ್ದ ವಾಕ್ಯ ಎತ್ತಿಕೊಳ್ಳಿ, ಹಿಂದೆ ಮುಂದೆ ಜೋಡಿ ಉದ್ಧರಣ ಚಿಹ್ನೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅದೇ ವಾಕ್ಯ ‘ಕರಾವಳಿಯ ಬಾವಿ ನೀರು’, ‘ಹುಬ್ಬಳ್ಳಿಯ ನಲ್ಲಿ ನೀರು’ ಎಂಬ ತಲೆಬರಹಗಳ ಕೆಳಗೂ ಸಿಕ್ಕಿದರೆ ಬರೆದವರು ನಿಮ್ಮ ಬಾವಿಯ ಬಗ್ಗೆ ಯೋಚಿಸಿಲ್ಲ ಎಂದು ತಿಳಿಯಿರಿ. ಊರಿಗೊಂದು ಪುಟ ಹುಟ್ಟಿಸಿ ಹುಡುಕುವವರನ್ನು ಹಿಡಿಯುವುದು ಈ ಕಸುಬಿನ ಹಳೆಯ ತಂತ್ರ.

ಈಗ ಅಳತೆಗೆ ಬರೋಣ, ಏಕೆಂದರೆ ಇಡೀ ಆಟ ನಿಂತಿರುವುದು ಆ ಪೆನ್ನಿನ ಗಾತ್ರದ ಮೀಟರ್ ಮೇಲೆ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಮೀಟರ್ ಅದನ್ನು ತೂಗುವುದಿಲ್ಲ. ತುದಿಯ ಎರಡು ಕಡ್ಡಿಗಳ ನಡುವೆ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಅದಕ್ಕೆ 0.5ರಿಂದ 0.7ರ ಆಸುಪಾಸಿನ ಒಂದು ಗುಣಕ ಹಾಕಿ ಅಂಕಿ ತೋರಿಸುತ್ತದೆ, ಅಷ್ಟೇ. ವಿದ್ಯುತ್ ಹರಿಸುವ ಲವಣಗಳು ಮಾತ್ರ ಅದಕ್ಕೆ ಕಾಣುತ್ತವೆ. ಮನೆಯಲ್ಲೇ ನೋಡಬಹುದು. ಒಂದು ಲೋಟ ಬಾವಿ ನೀರಿಗೆ ಒಂದು ಚಮಚ ಸಕ್ಕರೆ ಕದಡಿ ಮೀಟರ್ ಅದ್ದಿ, ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಲೋಟಕ್ಕೆ ಒಂದು ಸಣ್ಣ ಚಿಟಿಕೆ ಉಪ್ಪು ಹಾಕಿ. 200 ಮಿಲಿಲೀಟರ್ ನೀರಿಗೆ 0.2 ಗ್ರಾಂ ಉಪ್ಪು ಬಿದ್ದರೂ ಅಂಕಿ ಸಾವಿರದಷ್ಟು ಮೇಲೇರುತ್ತದೆ. ಲೋಟದಲ್ಲಿರುವುದು ಗಂಜಿಗೆ ಹಾಕುವ ಉಪ್ಪು!

ಆರ್‌ಒ ಲೇಖನಗಳಲ್ಲಿ ತಪ್ಪದೆ ಬರುವ ಒಂದು ‘ಸತ್ಯ’ ಇದೆ: ಟಿಡಿಎಸ್‌ನಲ್ಲಿ ಸೀಸ, ಆರ್ಸೆನಿಕ್‌ನಂಥ ವಿಷಗಳೂ ಇರಬಹುದು. ವಾಕ್ಯ ಸರಿಯೇ, ಭಾರವೆಲ್ಲ ‘ಬಹುದು’ ಮೇಲೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500:2012ರಲ್ಲಿ ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರ್‌ನ ಪರದೆಯಲ್ಲಿ ಅತಿ ಚಿಕ್ಕ ಮೆಟ್ಟಿಲೇ 1 ಮಿಲಿಗ್ರಾಂ. ಮಿತಿಯ ಹತ್ತು ಪಟ್ಟು ಸೀಸ ಇದ್ದರೂ ಅಂಕಿ ಅಲುಗುವುದಿಲ್ಲ, ಸೀಸ ಒಂದಿಷ್ಟೂ ಇಲ್ಲದೆ ಅಂಕಿ 400 ಇರಬಹುದು. ಅಂದರೆ ಆ ವಾಕ್ಯಕ್ಕೂ ನಿಮ್ಮ ಅಂಗಳದಲ್ಲಿ ಬಂದ 58ಕ್ಕೂ ಯಾವ ನಂಟೂ ಇಲ್ಲ.

ರೋಗಾಣುಗಳ ಮಾತಂತೂ ಬಿಡಿ. ಮಲದಿಂದ ನೀರಿಗೆ ಸೇರುವ ಒಂದು ಇ. ಕೋಲಿ ಬ್ಯಾಕ್ಟೀರಿಯಾದ ತೂಕ ಸುಮಾರು ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಲೋಟದಲ್ಲಿ ಹತ್ತು ಲಕ್ಷ ಇದ್ದರೂ ಎಲ್ಲ ಸೇರಿ ಒಂದು ಮೈಕ್ರೋಗ್ರಾಂ. ಮಳೆಗಾಲದಲ್ಲಿ ಕೊಟ್ಟಿಗೆಯ ನೀರು ಬಾವಿಗೆ ಇಳಿದಿದ್ದರೂ ಮೀಟರ್ 58ರ ಜಾಗದಲ್ಲಿ 60 ತೋರಿಸಿ ಸುಮ್ಮನಾಗುತ್ತದೆ. ಜಂಬಿಟ್ಟಿಗೆ ನೆಲದ, ಭಾರೀ ಮಳೆಯ ನಮ್ಮ ಸೀಮೆಯಲ್ಲಿ ತೆರೆದ ಬಾವಿ, ಒರತೆ, ಅಬ್ಬಿ ನೀರಿನ ಟಿಡಿಎಸ್ ಸಾಮಾನ್ಯವಾಗಿ ಕಡಿಮೆಯೇ. ಇಲ್ಲಿ ಹೆದರಬೇಕಾದದ್ದು ಕರಗಿದ ಲವಣಕ್ಕಲ್ಲ, ಮೇಲಿನಿಂದ ಹರಿದು ಬಂದು ಸೇರುವ ಹೊಲಸಿಗೆ. ತಲೆಬರಹ ಕೇಳಿದ್ದು ಸುರಕ್ಷತೆಯನ್ನು, ಅಳೆದದ್ದು ಲವಣವನ್ನು.

58 ಎಂದರೆ ಎಷ್ಟು? ಐಎಸ್ 10500ರ ಪ್ರಕಾರ ಒಪ್ಪಿತ ಮಿತಿ 500, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರನ್ನು ಈ ಲೇಖನಗಳು ಬಹಳ ಬಳಸುತ್ತವೆ, ಆದರೆ ಆ ಸಂಸ್ಥೆ ಟಿಡಿಎಸ್‌ಗೆ ಆರೋಗ್ಯದ ಆಧಾರದ ಮೇಲೆ ಮಿತಿಯನ್ನೇ ಇಟ್ಟಿಲ್ಲ. ಅದು ಹೇಳುವುದು ರುಚಿಯ ಮಾತು: 600ರ ಒಳಗಿದ್ದರೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, 1000 ದಾಟಿದರೆ ಬಾಯಿಗೆ ಹಿಡಿಸುವುದಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸುವ ನಿಯಮ ತನ್ನಿ ಎಂದು ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ತಯಾರಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋದರು. ನಿಮ್ಮ ‘7 ಸತ್ಯ’ದಲ್ಲಿ ಇದು ಎಂಟನೆಯದಾಗಿ ಎಲ್ಲಾದರೂ ಇದೆಯೇ ನೋಡಿ.

ಕಂದು ನೀರಿನ ಆಟದ ಒಳಗುಟ್ಟು ಇಷ್ಟು. ಆ ಉಪಕರಣದಲ್ಲಿ ಲೋಟಕ್ಕೆ ಎರಡರಂತೆ ಲೋಹದ ಕಡ್ಡಿ ಇಳಿಬಿಟ್ಟಿರುತ್ತಾರೆ. ಅದರಲ್ಲಿ ಒಂದಾದರೂ ಕಬ್ಬಿಣದ್ದು. ಕರೆಂಟ್ ಹರಿದಾಗ ಆ ಕಬ್ಬಿಣವೇ ಸವೆದು ನೀರಿಗೆ ಇಳಿಯುತ್ತದೆ, ಗಾಳಿ ತಾಗಿ ತುಕ್ಕಾಗುತ್ತದೆ. ನಿಮಗೆ ಕಂಡ ಕಂದು ಬಣ್ಣ ಕಡ್ಡಿಯ ತುಕ್ಕು, ಬಾವಿಯ ಕೊಳೆಯಲ್ಲ. ಆರ್‌ಒ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ, ನೀರು ತಿಳಿಯಾಗಿ ಉಳಿಯುತ್ತದೆ. ಮತ್ತೆ ಯಾರಾದರೂ ಈ ಪೆಟ್ಟಿಗೆ ಹಿಡಿದು ಬಂದರೆ ಅವರ ‘ಶುದ್ಧ’ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಆಮೇಲೆ ಸ್ವಿಚ್ ಹಾಕಲು ಹೇಳಿ. ಅದು ನಿಮ್ಮ ಬಾವಿ ನೀರಿಗಿಂತ ಬೇಗ, ಹೆಚ್ಚು ಕೊಳಕಾಗಿ ಕಾಣುತ್ತದೆ. ನೀವೇ ಮಾಡಲು ಮಾತ್ರ ಹೋಗಬೇಡಿ. ಮನೆಯ ಕರೆಂಟನ್ನೇ ನೀರಿಗೆ ಬಿಡುವ ಪೆಟ್ಟಿಗೆ ಅದು, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಯಂತ್ರ ಕೆಲಸವನ್ನೇ ಮಾಡುವುದಿಲ್ಲ ಎಂದಲ್ಲ. ಅದರ ಪೊರೆ ರೋಗಾಣುವನ್ನೂ ತಡೆಯುತ್ತದೆ, ಬಹುತೇಕ ಮಾದರಿಗಳಲ್ಲಿ ರೋಗಾಣು ಕೊಲ್ಲುವ ಯುವಿ (ನೇರಳಾತೀತ ಬೆಳಕಿನ) ದೀಪವೂ ಇರುತ್ತದೆ. ನಿಮ್ಮ ಮಟ್ಟಿಗೆ ಉಪಯೋಗಕ್ಕೆ ಬರುವುದು ಆ ದೀಪವೇ. ದುಡ್ಡು ಮಾತ್ರ ಪೊರೆಗೆ, ಪಂಪಿಗೆ ಹೋಗುತ್ತದೆ. ಮನೆ ಬಳಕೆಯ ಸಾಮಾನ್ಯ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಸುಮಾರು ಮೂರು ಲೀಟರ್ ಹೊರಚೆಲ್ಲುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 15 ಲೀಟರ್ ಎಂದಿಟ್ಟುಕೊಂಡರೆ 45 ಲೀಟರ್ ಬಚ್ಚಲಿಗೆ. ಏಪ್ರಿಲ್, ಮೇನಲ್ಲಿ ಬಾವಿ ತಳ ಕಾಣುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಮಳೆಗಾಲದ ಕೆಂಪು ನೀರಿಗೆ ಮೊದಲ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಪೊರೆಯೂ ಹಾಳು. ಕರೆಂಟ್ ಎರಡು ದಿನ ಬರದಿದ್ದರೆ ಯಂತ್ರ ಗೋಡೆಯ ಮೇಲಿನ ಅಲಂಕಾರ. ಮೊದಲೇ 58 ಇರುವ ನೀರು ಯಂತ್ರದಿಂದ ಇಳಿಯುವಾಗ ಹತ್ತರ ಒಳಗೆ ಬರುತ್ತದೆ, ಸಪ್ಪೆಯಾಗುತ್ತದೆ, ಆಮ್ಲೀಯ ಗುಣವೂ ತುಸು ಹೆಚ್ಚುತ್ತದೆ. ಆಗ ‘ಮಿನರಲ್ ಕಾರ್ಟ್ರಿಜ್’ ಎಂಬ ಇನ್ನೊಂದು ಕೊಳವೆ ಬರುತ್ತದೆ. ತೆಗೆಯುವುದಕ್ಕೊಂದು ದುಡ್ಡು, ತೆಗೆದದ್ದನ್ನು ವಾಪಸ್ ಹಾಕುವುದಕ್ಕೊಂದು ದುಡ್ಡು.

ನಿಮ್ಮ ಎರಡನೆಯ ಪ್ರಶ್ನೆ, ಗುರುತು ಹಿಡಿಯುವುದು ಹೇಗೆ ಎಂಬುದು. ಇದು ನೀರಿನ ಯಂತ್ರಕ್ಕೆ ಮಾತ್ರ ಅಲ್ಲ, ಅಡಿಕೆಗೆ ಹೊಡೆಯುವ ಔಷಧಿಯಿಂದ ಇನ್ವರ್ಟರ್ ಬ್ಯಾಟರಿವರೆಗೆ ಎಲ್ಲದಕ್ಕೂ ಹೊಂದುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಅಲ್ಲೇ ತೀರ್ಮಾನಿಸಬೇಡಿ. ದುಡ್ಡು ಕೊಟ್ಟು ಹಾಕಿಸಿದ ಬರಹಕ್ಕೆ ಮೂಲ ಪುಟದಲ್ಲಿ ‘ಪ್ರಾಯೋಜಿತ’, ‘ಪಾಲುದಾರರ ವಿಷಯ’, ‘ಬ್ರ್ಯಾಂಡ್ ಸ್ಟೋರಿ’ ಎಂಬ ಸಣ್ಣ ಬೂದು ಅಕ್ಷರದ ಪಟ್ಟಿ ಇರುವುದುಂಟು. ಕೊಂಡಿ ಹಂಚಿದಾಗ ಆ ಪಟ್ಟಿ ಬರುವುದಿಲ್ಲ, ಚಿತ್ರ, ತಲೆಬರಹ, ಜಾಲತಾಣದ ಹೆಸರು ಇಷ್ಟೇ ಕಾಣುವುದು. ಇನ್ನೂ ಒಂದು ಸೂಕ್ಷ್ಮ: ಹಂಚಿದಾಗ ಕಾಣುವ ತಲೆಬರಹವನ್ನು ಪುಟದ ಒಳಗೆ ಬೇರೆಯೇ ಜಾಗದಲ್ಲಿ ಬರೆದಿರುತ್ತಾರೆ. ಪುಟ ತೆರೆದರೆ ‘ನೀರಿನ ಟಿಡಿಎಸ್: ಒಂದು ಪರಿಚಯ’ ಎಂದು ಸಭ್ಯವಾಗಿರುವುದು ಫೋನಿನಲ್ಲಿ ‘ನಿಮ್ಮ ನೀರು ವಿಷವೇ?’ ಎಂದು ಕಾಣಿಸಬಹುದು. ಎರಡೂ ಬೇರೆ ಬೇರೆ ಇದ್ದರೆ ಅಲ್ಲಿಗೇ ಎಚ್ಚರವಾಗಿ.

ಕಂಪ್ಯೂಟರ್ ಇದ್ದರೆ ಪುಟದ ಮೇಲೆ ಬಲಗುಂಡಿ ಒತ್ತಿ ಮೂಲ ಸಂಕೇತ ನೋಡುವ ಆಯ್ಕೆ ತೆರೆಯಿರಿ, ಕಂಟ್ರೋಲ್ ಮತ್ತು ಎಫ್ ಒತ್ತಿ ಇಂಗ್ಲಿಷಿನಲ್ಲಿ ‘ಸ್ಪಾನ್ಸರ್ಡ್’ (sponsored) ಎಂದು ಹುಡುಕಿ. ದುಡ್ಡು ಪಡೆದು ಹಾಕಿದ ಕೊಂಡಿಗೆ ಹೀಗೆ ಗುರುತು ಹಾಕಿ ಎಂದು ಗೂಗಲ್ 2019ರಿಂದ ಹೇಳುತ್ತಿದೆ. ಓದುಗರಿಗೆ ಹೇಳದಿದ್ದರೂ ಗೂಗಲ್‌ಗೆ ಹೆದರಿ ಹಾಕಿದವರು ಇದ್ದಾರೆ. ಮಗನಿಗೆ ಹೇಳಿ, ಎರಡು ನಿಮಿಷದ ಕೆಲಸ. ಗುರುತು ಸಿಗದಿದ್ದರೆ ಜಾಹೀರಾತಲ್ಲ ಎಂದೇನೂ ಅರ್ಥವಲ್ಲ. ಕಂಪನಿ ತನ್ನದೇ ಜಾಲತಾಣದಲ್ಲಿ ‘ಜ್ಞಾನ ಕೇಂದ್ರ’, ‘ಆರೋಗ್ಯ ಮಾಹಿತಿ’ ಎಂಬ ವಿಭಾಗ ಮಾಡಿ ಹಾಕಿದ್ದರೆ ಯಾರಿಗೂ ದುಡ್ಡು ಕೊಟ್ಟಿರುವುದಿಲ್ಲ, ಗುರುತೂ ಇರುವುದಿಲ್ಲ.

ಆಗ ಒಳಗಿನ ಬರಹವನ್ನೇ ನೋಡಬೇಕು. ಅದರಲ್ಲಿ ಹೋಲಿಕೆಯ ಕೋಷ್ಟಕ ಇದ್ದರೆ ಸಾಲುಗಳನ್ನು ಬಿಟ್ಟು ಕಾಲಂಗಳನ್ನು ಓದಿ. ಆರ್‌ಒ, ಯುವಿ, ಯುಎಫ್ (ಸಣ್ಣ ರಂಧ್ರಗಳ ಪೊರೆಯಲ್ಲಿ ನೀರು ಸೋಸುವ ಯಂತ್ರ) ಮೂರಕ್ಕೂ ‘ಲವಣ ತೆಗೆಯುತ್ತದೆಯೇ’, ‘ಭಾರಲೋಹ ತೆಗೆಯುತ್ತದೆಯೇ’, ‘ಗಡಸು ನೀರಿಗೆ ಆಗುತ್ತದೆಯೇ’ ಎಂದು ಕೇಳಿದರೆ ಆರ್‌ಒ ಎದುರು ಮಾತ್ರ ಹಸಿರು ಗುರುತು ಬರುವುದು ಖಚಿತ, ಏಕೆಂದರೆ ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದ್ದಾರೆ. ‘ಎಷ್ಟು ನೀರು ಚೆಲ್ಲುತ್ತದೆ’, ‘ಕರೆಂಟ್ ಇಲ್ಲದೆ ನಡೆಯುತ್ತದೆಯೇ’, ‘ವರ್ಷದ ನಿರ್ವಹಣೆಗೆ ಎಷ್ಟು’ ಎಂಬ ಕಾಲಂ ಇಲ್ಲದಿದ್ದರೆ ಕೋಷ್ಟಕ ಮಾಡಿದವರು ಮಾರುವವರೇ.

ಪರಿಹಾರ ಬೇಡದವರು ಯಾರು ಎಂದು ಲೇಖನ ಹೇಳಿದೆಯೇ ಎಂಬುದು ಇನ್ನೊಂದು ಒರೆಗಲ್ಲು. ನಿಜವಾದ ತಾಂತ್ರಿಕ ಬರಹದಲ್ಲಿ ‘ಇಷ್ಟಕ್ಕಿಂತ ಕಡಿಮೆ ಇದ್ದರೆ ಏನೂ ಮಾಡಬೇಡಿ’ ಎಂಬ ಸಾಲು ಇದ್ದೇ ಇರುತ್ತದೆ. ಏಳೂ ಸತ್ಯ ಒಂದೇ ಅಂಗಡಿಯ ಬಾಗಿಲಿಗೆ ಹೋಗಿ ನಿಂತರೆ ಅದು ಮಾಹಿತಿಯಲ್ಲ.

ಅಂಕಿಗಳು ಎಲ್ಲಿಯವು ಎಂದೂ ಕೇಳಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ನಿಜ, ಗಂಭೀರ. ಅದನ್ನು ‘ಕರ್ನಾಟಕದ ಅಂತರ್ಜಲ’ ಎಂದು ಬರೆದು ಹೊಸನಗರದ ತೆರೆದ ಬಾವಿಯ ಮೇಲೆ ಹೊದಿಸುವುದು ನಿಜವನ್ನೇ ಬಳಸಿ ಸುಳ್ಳು ಹೇಳಿದ ಹಾಗೆ. ಶೇಕಡಾವಾರು ಕಂಡರೆ ಅದರ ಹಿಂದಿನ ಎರಡು ಅಂಕಿ ಹುಡುಕಿ. ‘ಟಿಡಿಎಸ್ ಶೇ 90ರಷ್ಟು ಇಳಿಕೆ’ ಎಂಬುದು 1500ರಿಂದ 150ಕ್ಕೆ ಇಳಿದರೂ ನಿಜ, 58ರಿಂದ 6ಕ್ಕೆ ಇಳಿದರೂ ನಿಜ. ಮೊದಲನೆಯದು ಉಪಕಾರ, ಎರಡನೆಯದು ಖರ್ಚು.

‘ಉಚಿತ ಪರೀಕ್ಷೆ’ಯ ಅರ್ಜಿಯೇ ಲೇಖನದ ನಿಜವಾದ ತುದಿ. ಮೇಲಿನದೆಲ್ಲ ನಿಮ್ಮ ನಂಬರ್ ಪಡೆಯಲು ಹಾಸಿದ ಚಾಪೆ. ರೋಗಾಣು ಪರೀಕ್ಷೆಗೆ ಕನಿಷ್ಠ ಒಂದು ದಿನ ಬೇಕು, ಲೋಹಗಳಿಗೆ ಪ್ರಯೋಗಾಲಯ ಬೇಕು. ಮಾರುವವರು ಹತ್ತು ನಿಮಿಷದಲ್ಲಿ ಅಂಗಳದಲ್ಲೇ ಮುಗಿಸುವುದು ಹೆಚ್ಚಾಗಿ ಟಿಡಿಎಸ್ ಮೀಟರ್ ಅದ್ದುವ ಕೆಲಸ.

ಕಂಪನಿ ಬರೆದದ್ದೆಲ್ಲ ಕಸ ಎಂದು ತಿಳಿಯಬೇಡಿ. ಫಿಲ್ಟರ್‌ನ ಕ್ಯಾಂಡಲ್ ಬದಲಿಸುವುದು ಹೇಗೆ, ಯುವಿ ದೀಪ ಎಷ್ಟು ಗಂಟೆ ಬಾಳುತ್ತದೆ, ಟ್ಯಾಂಕ್ ಯಾವಾಗ ತೊಳೆಯಬೇಕು ಇಂಥವನ್ನು ತಯಾರಕರಷ್ಟು ಚೆನ್ನಾಗಿ ಬೇರೆಯವರು ಬರೆಯಲಾರರು. ಕೊಂಡ ವಸ್ತುವಿನ ಬಳಕೆ ಬಗ್ಗೆ ಅವರ ಮಾತು ಕೇಳಿ. ಕೊಳ್ಳಬೇಕೇ ಬೇಡವೇ ಎಂಬುದನ್ನು ಮಾತ್ರ ಅವರಲ್ಲಿ ಕೇಳಬೇಡಿ.

ದೂರು ಕೊಡುವ ಮನಸ್ಸಿದ್ದರೆ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ವ್ಯಾಖ್ಯೆ ಇದೆ, ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರಲ್ಲಿ ಸೇರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲಕ್ಕೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಜಾಹೀರಾತಿನ ಷರಾ ಕೂಡ ಮುಖ್ಯ ಮಾತು ಇರುವ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲೇ ಇರಬೇಕು. ಮೇಲೆ ಕನ್ನಡದಲ್ಲಿ ಘೋಷಣೆ, ಕೆಳಗೆ ಇರುವೆಯಂಥ ಇಂಗ್ಲಿಷ್ ಷರಾ ಇದ್ದರೆ ಅದನ್ನೇ ದೂರಿನ ಮೊದಲ ಅಂಶ ಮಾಡಿ. ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ (ಪುಟ ಬದಲಾಗುವುದು ಬೇಗ), ಅರ್ಜಿ ಇದ್ದ ಭಾಗದ್ದೂ ಇರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಿವಮೊಗ್ಗದಲ್ಲಿ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಬಹುದು.

ಇನ್ನು ನಿಮ್ಮ ಬಾವಿ.

ಮೊದಲು ಸುತ್ತ ನೋಡಿ. ಪಾಯಿಖಾನೆ ಗುಂಡಿ ಬಾವಿಯಿಂದ 15 ಮೀಟರಿಗಿಂತ ದೂರ ಇರಬೇಕು. ನಮ್ಮ ಇಳಿಜಾರು ಜಾಗದಲ್ಲಿ ದೂರಕ್ಕಿಂತ ದಿಕ್ಕು ಮುಖ್ಯ: ಕೊಟ್ಟಿಗೆ, ಗೊಬ್ಬರ ಗುಂಡಿ ಬಾವಿಗಿಂತ ಮೇಲಿನ ಕಡೆ ಇದ್ದರೆ 15 ಮೀಟರ್ ಸಾಲದು. ಬಾವಿ ಕಟ್ಟೆಯ ಸುತ್ತ ಸಿಮೆಂಟ್ ನೆಲ ಬಿರುಕು ಬಿಟ್ಟಿದ್ದರೆ ಮಳೆಗೆ ಮೊದಲು ಮುಚ್ಚಿ, ನೀರು ಆಚೆ ಹರಿಯಲು ಕಾಲುವೆ ಮಾಡಿ.

ನೀರನ್ನು ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಕೊಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ಅಲ್ಪ ಶುಲ್ಕಕ್ಕೆ ಜನರ ಮಾದರಿಯನ್ನೂ ಪರೀಕ್ಷಿಸುತ್ತವೆ. ರಾಸಾಯನಿಕ ಪರೀಕ್ಷೆಗೆ ಚೊಕ್ಕ ಕ್ಯಾನಿನಲ್ಲಿ ಎರಡು ಲೀಟರ್ ನೀರು ಒಯ್ಯಿರಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು, ಮುಚ್ಚಳದ ಒಳಭಾಗ ಮುಟ್ಟಬಾರದು, ಆರು ಗಂಟೆಯೊಳಗೆ ತಲುಪಿಸಬೇಕು, ತಡವಾಗುವುದಾದರೆ ಐಸ್ ಜೊತೆ ಇಡಬೇಕು. ವರದಿ ಬಂದಾಗ ಟಿಡಿಎಸ್ ಸಾಲನ್ನು ದಾಟಿ ಇ. ಕೋಲಿ ಸಾಲಿಗೆ ಹೋಗಿ. ಅಲ್ಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಜೊತೆಗೆ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ಒಳಗೆ, ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇದೆಯೇ ನೋಡಿ. ನೈಟ್ರೇಟ್, ಫ್ಲೋರೈಡ್ ಮಿತಿ ಮೀರಿದ್ದರೆ ಅಥವಾ ಟಿಡಿಎಸ್ ಬೇಸಿಗೆ, ಮಳೆಗಾಲ ಎರಡರಲ್ಲೂ 500 ದಾಟಿದ್ದರೆ ಆರ್‌ಒ ವಿಚಾರ ಮಾಡುವುದು ಸರಿ. ಬಯಲಿನ ಕಡೆಯ ಆಳದ ಕೊಳವೆ ಬಾವಿಗಳಲ್ಲಿ ಹೀಗೆ ಬರಬಹುದು.

ಕೊಡದಲ್ಲಿ ರಾತ್ರಿ ಇಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ಕೆಂಗಂದು ಗಸಿ ಕಂಡರೆ, ಚಹಾ ಕಪ್ಪಗೆ ಬಂದರೆ, ಬಿಳಿ ಪಂಚೆ ಹಳದಿಗಟ್ಟಿದರೆ ಅದು ಕಬ್ಬಿಣದ ಅಂಶ. ನೀರನ್ನು ಎತ್ತರದಿಂದ ಸುರಿದು ಗಾಳಿಯಾಡಿಸಿ, ಮರಳಿನ ಸೋಸುಕದಲ್ಲಿ ಬಿಟ್ಟರೆ ಬಹಳಷ್ಟು ಹೋಗುತ್ತದೆ.

ರೋಗಾಣುವಿಗೆ ಎಲ್ಲಕ್ಕಿಂತ ಅಗ್ಗದ ಉಪಾಯ ಒಲೆಯ ಮೇಲಿದೆ. ಬಿಸಿಯಾದರೆ ಸಾಲದು, ನೀರು ಮಗುಚಿ ಮಗುಚಿ ಕೊತಕೊತ ಒಂದು ನಿಮಿಷ ಕುದಿಯಬೇಕು. ಆರಿಸಿದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಡಿ, ಲೋಟ ಅದ್ದಬೇಡಿ. ಯಂತ್ರವೇ ಬೇಕೆಂದರೆ ಯುವಿ ಅಥವಾ ಕರೆಂಟ್ ಬೇಡದ ಯುಎಫ್ ನೋಡಿ. ಯುವಿಗೆ ತಿಳಿ ನೀರು ಬೇಕೇ ಬೇಕು, ಕದಡಿದ ನೀರಿನಲ್ಲಿ ಬೆಳಕು ರೋಗಾಣುವಿನವರೆಗೆ ತಲುಪುವುದಿಲ್ಲ. ಹಾಗಾಗಿ ಯುವಿಗೆ ಮೊದಲು ಒಂದು ಸೋಸುಕ ಇರಲಿ, ದೀಪವನ್ನು ವರ್ಷಕ್ಕೊಮ್ಮೆ ಬದಲಿಸಿ, ಉರಿಯುತ್ತಿದ್ದರೂ ಅದರ ಶಕ್ತಿ ಕುಂದಿರುತ್ತದೆ. ಯುಎಫ್ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ತಡೆಯುತ್ತದೆ, ವೈರಸ್ಸನ್ನು ಪೂರ್ತಿ ತಡೆಯುತ್ತದೆ ಎನ್ನಲಾಗದು. ಹಾಗಾಗಿ ಮಳೆಗಾಲದಲ್ಲಿ ಯುಎಫ್ ಇದ್ದರೂ ಕುದಿಸಿಯೇ ಕುಡಿಯಿರಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಕಣ್ಣಳತೆ ಬೇಡ. ವ್ಯಾಸದ ವರ್ಗವನ್ನು ನೀರಿನ ಆಳದಿಂದ ಗುಣಿಸಿ, 785ರಿಂದ ಮತ್ತೆ ಗುಣಿಸಿ, ಲೀಟರ್ ಸಿಗುತ್ತದೆ (ಅಳತೆ ಮೀಟರಿನಲ್ಲಿರಲಿ). ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 19,600 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ 50 ಗ್ರಾಂ ಪೌಡರ್ ಬೇಕು. ಈ ಲೆಕ್ಕ ಶೇ 33 ಕ್ಲೋರಿನ್ ಇರುವ ಹೊಸ ಪೌಡರಿಗೆ. ಮಳೆಗಾಲದ ಥಂಡಿಯಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ ತಿಂಗಳೊಳಗೆ ಬರೀ ಸುಣ್ಣವಾಗುತ್ತದೆ, ಮೂಗಿಗೆ ಘಾಟು ಹೊಡೆಯದ ಪೌಡರ್ ಬಳಸಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ, ಅದನ್ನು ಬಾವಿಗೆ ಹಾಕಬಾರದು, ನೀರು ಗಡಸಾಗುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ ನೀರಿನೊಳಗೆ ಮೇಲೆ ಕೆಳಗೆ ಜಗ್ಗಿ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಊಟವಾದ ಮೇಲೆ ಹಾಕಿದರೆ ಈ ತೊಂದರೆಯೇ ಇಲ್ಲ. ಗಂಟೆಯ ನಂತರ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಂಚಾಯಿತಿಯಲ್ಲಿರುವ ಪರೀಕ್ಷಾ ಕಿಟ್‌ನಲ್ಲಿ ಇದನ್ನು ನೋಡಬಹುದು. ಕದಡಿದ ನೀರು ಕ್ಲೋರಿನ್ನನ್ನು ಬೇಗ ತಿಂದುಹಾಕುತ್ತದೆ, ಉಳಿಕೆ ಸಾಲದಿದ್ದರೆ ಇನ್ನಷ್ಟು ಹಾಕಬೇಕು.

ಅದೇ ಕಿಟ್‌ಗಳ ಜೊತೆ ಎಚ್‌ಟುಎಸ್ ಬಾಟಲಿ ಎಂಬ ಸಣ್ಣ ಸೀಸೆಯೂ ಬರುತ್ತದೆ. ಗುರುತಿನವರೆಗೆ ನೀರು ತುಂಬಿ ಮುಚ್ಚಳ ಬಿಗಿದು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲದ ಹೊಲಸು ಸೇರಿದೆ ಎಂದು ಶಂಕಿಸಬೇಕು. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದು ಬಾವಿ ಏರಿದ ವಾರ ಒಂದು ಬಾಟಲಿ, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಇಡಿ. ಮೊದಲನೆಯದು ಕಪ್ಪಾದರೆ ಬ್ಲೀಚಿಂಗ್ ಹಾಕಿ, ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ಮೂರ್ನಾಲ್ಕು ದಿನ ಬಿಟ್ಟು ಮತ್ತೊಂದು ಇಡಿ. ಅದೂ ಕಪ್ಪಾದರೆ ಎಲ್ಲಿಂದಲೋ ಹೊಲಸು ಇಳಿಯುತ್ತಲೇ ಇದೆ. ಆಗ ಬಾವಿಯ ಮೇಲ್ಭಾಗದಲ್ಲಿ ಏನಿದೆ ಎಂದು ಹುಡುಕಲು ಹೊರಡಿ, ಅಲ್ಲಿಯವರೆಗೆ ಮನೆಮಂದಿಯೆಲ್ಲ ಕುದಿಸಿದ ನೀರನ್ನೇ ಕುಡಿಯಿರಿ.